ತೂತಿಲ್ಲದ ಸುರಂಗ

ಚಿ. ಮೇಘನಾಳಿಗೆ ದೊಡ್ಡಪ್ಪನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ಕ್ವಾಂಟಮ್ ಪಾಠ ತಲೆಗೆ ಹತ್ತುತ್ತಿಲ್ಲ, ಇದನ್ನೆಲ್ಲ ಏಕಾದರೂ ಓದಬೇಕು ಎಂದು ಬರೆದಿದ್ದೀಯೆ. ಅರ್ಧ ತಪ್ಪು ನನ್ನಂಥ ಮೇಷ್ಟರುಗಳದು. ದಾಟುವಷ್ಟು ಶಕ್ತಿಯಿಲ್ಲದ ಕಣವೂ ತಡೆಯ ಆಚೆ ಸಿಗಬಹುದೆಂಬ ಸುರಂಗ ಪರಿಣಾಮವನ್ನು ಹೇಳಿಕೊಡುವಾಗಲೆಲ್ಲ ನಾನು ಬೋರ್ಡಿನ ಮೇಲೆ ಕಾಂಪೌಂಡ್ ಗೋಡೆ ಬರೆದು, ಚೆಂಡು ಆಚೆ ದಾಟಿತು ನೋಡಿ ಎನ್ನುತ್ತಿದ್ದೆ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ, "ತೂತು ಎಲ್ಲಿದೆ ಸಾರ್?" ಎಂದ. ಅಧಿಕಪ್ರಸಂಗವೆಂದು ಗದರಿ ಕೂರಿಸಿದೆ. ಅವನು ಕೇಳಿದ್ದು ಸರಿಯಾಗಿಯೇ ಇತ್ತು. ಅಲ್ಲಿ ತೂತೂ ಇಲ್ಲ, ಕೊರೆಯುವವರೂ ಇಲ್ಲ. ಎಲೆಕ್ಟ್ರಾನಿನ ಅಲೆ ತಡೆಗೋಡೆಯ ಬಳಿ ಥಟ್ಟನೆ ನಿಲ್ಲದೆ, ಒಳಗೆ ಹೋದಷ್ಟೂ ಕ್ಷೀಣಿಸುತ್ತದೆ. ಗೋಡೆ ತೀರ ತೆಳುವಾಗಿದ್ದರೆ ಆಚೆ ಬದಿಯಲ್ಲೂ ಒಂದು ಚೂರು ಉಳಿದಿರುತ್ತದೆ. ಎಲೆಕ್ಟ್ರಾನು ಆಚೆ ಸಿಗುವ ಸಂಭವ ಎಷ್ಟೆಂಬುದನ್ನು ಆ ಚೂರಿನಿಂದ ಲೆಕ್ಕ ಹಾಕುತ್ತೇವೆ. ಸಿಕ್ಕರೆ ಮಾತ್ರ ಎಲೆಕ್ಟ್ರಾನು ಇಡಿಯಾಗಿಯೇ ಸಿಗುತ್ತದೆ. ಚೂರಾಗುವುದು ಅಲೆ, ಅದಲ್ಲ.

1981ರಲ್ಲಿ ಜ್ಯೂರಿಕ್ ಬಳಿಯ ಐಬಿಎಂ ಪ್ರಯೋಗಾಲಯದಲ್ಲಿ ಬಿನ್ನಿಗ್ ಮತ್ತು ರೋರರ್ ಎಂಬ ವಿಜ್ಞಾನಿಗಳು ಇದನ್ನೇ ನೆಚ್ಚಿ ಒಂದು ಸೂಕ್ಷ್ಮದರ್ಶಕ ಕಟ್ಟಿದರು. ಚೂಪಾದ ಲೋಹದ ಮೊನೆಯನ್ನು ಮೇಲ್ಮೈಗೆ ತಾಗಿಯೂ ತಾಗದಂತೆ ಹಿಡಿಯುವುದು. ಇಲ್ಲಿ ನಡುವಿನ ಅಂತರವೇ ಗೋಡೆ. ಅದು ನ್ಯಾನೊಮೀಟರಿನ (ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು) ಹತ್ತನೇ ಒಂದು ಭಾಗ ಹೆಚ್ಚಿದರೂ ದಾಟಿ ಬರುವ ವಿದ್ಯುತ್ತು ಸುಮಾರು ಹತ್ತು ಪಟ್ಟು ಇಳಿಯುತ್ತದೆ! ಆ ಏರಿಳಿತದಿಂದಲೇ ಪರಮಾಣುಗಳ ಉಬ್ಬುತಗ್ಗನ್ನು ಚಿತ್ರಿಸಿದರು. 1986ರಲ್ಲಿ ನೊಬೆಲ್ ಬಂತು.

ಏಕೆ ಓದಬೇಕು ಎಂದೆಯಲ್ಲ. ಅಜ್ಜಿಯ ಫೋಟೋಗಳಿರುವ ನಮ್ಮ ಪೆನ್ ಡ್ರೈವ್ ಇದೆಯಲ್ಲ, ಅದರೊಳಗೂ ಎಲೆಕ್ಟ್ರಾನುಗಳು ಹೀಗೆ ನಿರೋಧಕ ಪದರವನ್ನು ದಾಟಿ ಕೂತಿರುತ್ತವೆ. ಆದರೆ ನನ್ನನ್ನು ಒಪ್ಪಿಸಿದ್ದು ಪೆನ್ ಡ್ರೈವ್ ಅಲ್ಲ, ಸೂರ್ಯ. ಅವನ ಗರ್ಭದಲ್ಲಿ ಸುಮಾರು 1.5 ಕೋಟಿ ಡಿಗ್ರಿ ಶಾಖವಿದ್ದರೂ ಹಳೆಯ ಭೌತಶಾಸ್ತ್ರದ ಲೆಕ್ಕದಲ್ಲಿ ಪ್ರೋಟಾನುಗಳು ಒಂದನ್ನೊಂದು ಕೂಡಲು ಅದು ಸಾಲದು; ಅವು ಕೂಡಿದರೇ ಸೂರ್ಯ ಉರಿಯುವುದು. ಸುರಂಗ ಪರಿಣಾಮ ಇರದಿದ್ದರೆ ಅಂಗಳದಲ್ಲಿ ಹಪ್ಪಳ ಒಣಗುತ್ತಿರಲಿಲ್ಲ.

ಹಾಗಾಗಿ ಇದರ ಅರ್ಥವೇನು, ತತ್ತ್ವವೇನು ಎಂದು ಈಗಲೇ ಕೊರಗಬೇಡ. ಮೊದಲು ಲೆಕ್ಕ ಮಾಡು. ಕ್ವಾಂಟಮ್ ಚಿಕಿತ್ಸೆ ಎಂದು ನೀರಿನ ಬಾಟಲಿ ಮಾರಲು ಬಂದವರನ್ನೂ ಗೋಡೆಯ ದಪ್ಪ ಎಷ್ಟೆಂದು ಕೇಳು; ಎದ್ದು ಹೋಗುತ್ತಾರೆ.

ಎಲೆಕ್ಟ್ರಾನಿನ ಶಕ್ತಿಗಿಂತ ಒಂದು ಎಲೆಕ್ಟ್ರಾನ್ ವೋಲ್ಟ್ (ಇದು ಶಕ್ತಿಯ ಅಳತೆ) ಎತ್ತರದ ಗೋಡೆ ಎಂದಿಟ್ಟುಕೋ. ದಪ್ಪ ಒಂದು ನ್ಯಾನೊಮೀಟರ್ ಇದ್ದಾಗ ದಾಟುವ ಸಂಭವವೆಷ್ಟು, ಎರಡಾದಾಗ ಎಷ್ಟು? ಕ್ಯಾಲ್ಕುಲೇಟರ್ ಬಳಸಬಹುದು. ಬಿಡಿಸಿದ ಹಾಳೆಯ ಫೋಟೋ ಕಳುಹಿಸು. ನಿನ್ನ ಕೈಬರಹ ನೋಡಿ ಬಹಳ ದಿನವಾಯಿತು.

ಇಂತಿ,
ನಿನ್ನ ದೊಡ್ಡಪ್ಪ