ಕಾರವಾರಕ್ಕೆ ಬಂದವರಿಗೆ ಉಬ್ಬರ–ಇಳಿತದ ಹೊತ್ತು ತಿಳಿಸಿ

ಮಾನ್ಯರೇ,

ಕಾರವಾರಕ್ಕೆ ಬರುವ ಪ್ರವಾಸಿಗರಲ್ಲಿ ಬಹಳ ಮಂದಿ ಟ್ಯಾಗೋರ್ ಕಡಲತೀರದಲ್ಲಿ ಫೋಟೊ ತೆಗೆದುಕೊಂಡು, ಚಾಪೆಲ್ ಯುದ್ಧನೌಕೆ ನೋಡಿ, ಮೀನೂಟ ಮುಗಿಸಿ ಗೋವಾದ ದಾರಿ ಹಿಡಿಯುತ್ತಾರೆ. ದುಡ್ಡು ಕೊಟ್ಟು ದೋಣಿ ಹತ್ತದಿದ್ದರೆ ಇಲ್ಲಿ ಮಾಡಲಿಕ್ಕೆ ಏನಿದೆ ಎಂದು ಕೇಳುವವರೂ ಇದ್ದಾರೆ. ಟಿಕೆಟ್ ಇಲ್ಲದೆ ಎರಡು ದಿನ ತುಂಬುವಷ್ಟು ಇದೆ. ಆದರೆ ಅದರಲ್ಲಿ ಹೆಚ್ಚಿನದು ನೀರು ಇಳಿದ ಹೊತ್ತಿನಲ್ಲಿ ಮಾತ್ರ ಕಾಣಸಿಗುತ್ತದೆ. ಆ ಹೊತ್ತು ಯಾವುದೆಂದು ಹೊರಗಿನವರಿಗೆ ಹೇಳುವವರಿಲ್ಲ.

ಸಮುದ್ರ ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಪೂರ್ತಿ ಇಳಿದ ಮೇಲೆ ಪೂರ್ತಿ ಏರಲು ಸುಮಾರು ಆರು ತಾಸು ಬೇಕು. ಈ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಇಂದು ಮಧ್ಯಾಹ್ನ 3ಕ್ಕೆ ಇಳಿತವಿದ್ದರೆ ನಾಳೆ 3.50ರ ಸುಮಾರಿಗೆ. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ನೀರು ಬಹಳ ಹಿಂದೆ ಸರಿಯುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ವ್ಯತ್ಯಾಸ ತೀರಾ ಕಡಿಮೆ. ಹಾಗಾಗಿ ದಿನ ಆರಿಸಲು ಗೋಡೆಯ ಕ್ಯಾಲೆಂಡರ್ ಸಾಕು. ತಾಸು ಬೇಕಿದ್ದರೆ ಮೊಬೈಲ್‌ನಲ್ಲಿ ‘ಕಾರವಾರ ಟೈಡ್’ ಎಂದು ಹುಡುಕಬಹುದು. ಬೈತಖೋಲ್ ಮೀನುಗಾರಿಕೆ ಬಂದರಿನಲ್ಲಿ ಬಲೆ ಸರಿಪಡಿಸುತ್ತ ಕುಳಿತವರನ್ನು ಕೇಳಿದರೆ ಇನ್ನೂ ಬೇಗ ಗೊತ್ತಾಗುತ್ತದೆ.

ಮೊದಲು ಹೇಳಬೇಕಾದದ್ದು ಮಾಜಾಳಿಯಾಚೆ, ಗೋವಾ ಗಡಿಗೆ ತಾಗಿದಂತಿರುವ ತಿಳಮಾತಿ ಕಡಲತೀರ. ಕಾರವಾರದಿಂದ ಮಾಜಾಳಿಗೆ ಸಾರಿಗೆ ಬಸ್ ಇದೆ. ರಾಜ್ಯದ ಮಹಿಳೆಯರಿಗೆ ಗುರುತಿನ ಚೀಟಿ ತೋರಿಸಿದರೆ ಶಕ್ತಿ ಯೋಜನೆಯಲ್ಲಿ ಅದೂ ಉಚಿತ. ಗೋವಾಕ್ಕೆ ಹೋಗುವ ಅಂತರರಾಜ್ಯ ಬಸ್ಸಿಗೆ ಈ ಸೌಲಭ್ಯ ಇಲ್ಲ, ಹತ್ತುವ ಮುನ್ನ ಬೋರ್ಡು ನೋಡಿಕೊಳ್ಳಬೇಕು. ಮಾಜಾಳಿ ತೀರದ ಉತ್ತರದ ತುದಿಯಿಂದ ಗುಡ್ಡ ದಾಟಿದರೆ ಕಪ್ಪು ಮರಳಿನ ಪುಟ್ಟ ದಂಡೆ ಸಿಗುತ್ತದೆ. ಅಲ್ಲಿನ ಕರಿ ಶಿಲೆ ಸವೆದು ಉದುರಿದ ಕಣಗಳು ಅವು. ಮುಷ್ಟಿಯಲ್ಲಿ ಹಿಡಿದರೆ ಎಳ್ಳು ಹಿಡಿದ ಹಾಗೆ. ಪೂರ್ತಿ ಇಳಿತಕ್ಕೆ ಒಂದೂವರೆ ತಾಸು ಮೊದಲು ಹೊರಟು, ಇಳಿತ ಮುಗಿದ ಒಂದು ತಾಸಿನೊಳಗೆ ವಾಪಸು ಹೊರಡುವುದು ಕ್ಷೇಮ. ಅಲ್ಲಿ ನೀರು, ಅಂಗಡಿ, ನೆರಳು ಯಾವುದನ್ನೂ ನಂಬಿ ಹೋಗಬಾರದು. ತಲೆಗೆ ಒಂದು ಲೀಟರ್ ನೀರು ಇರಲಿ. ಕಪ್ಪು ಮರಳು ಬೇಗ ಕಾಯುತ್ತದೆ, ಮಧ್ಯಾಹ್ನ ಬರಿಗಾಲು ಇಡಲಾಗದು.

ಎಡವಟ್ಟು ಆಗುವುದು ಹೆಚ್ಚಾಗಿ ಬಂಡೆಗಳ ಮೇಲೆ. ಗುಡ್ಡ ಹತ್ತುವ ಬೇಸರಕ್ಕೆ ಕೆಳಗಿನ ಬಂಡೆಗಳ ಮೇಲಿಂದಲೇ ಸುತ್ತಿ ಹೋಗುತ್ತಾರೆ. ಹೋಗುವಾಗ ಒಣಗಿದ್ದ ಸಂದು ಬರುವಾಗ ಮೊಣಕಾಲುದ್ದ ನೀರಾಗಿರುತ್ತದೆ. ಹಸಿರು ಪಾಚಿಯ ಮೇಲೆ ಹವಾಯಿ ಚಪ್ಪಲಿ ನಿಲ್ಲುವುದಿಲ್ಲ. ಜಾರಿ ಕೈ ಊರಿದರೆ ಬಂಡೆಗೆ ಕಚ್ಚಿದ ಕಲ್ವದ ಚಿಪ್ಪು ಅಂಗೈ ಸೀಳುತ್ತದೆ. ಹಿಡಿತವಿರುವ ಹಳೆಯ ಕ್ಯಾನ್ವಾಸ್ ಬೂಟು ಇದಕ್ಕೆ ಸರಿ.

ದೂರ ಹೋಗಲಾಗದವರು ಊರಿನ ತೀರದಲ್ಲೇ ಇಳಿತದ ಹೊತ್ತಿಗೆ ಒದ್ದೆ ಮರಳನ್ನು ಬಗ್ಗಿ ನೋಡಲಿ. ಸಣ್ಣ ಏಡಿಗಳು ಮರಳನ್ನು ಬಾಯಿಗಿಟ್ಟು, ಅದರಲ್ಲಿನ ಆಹಾರ ಹೀರಿ, ಉಳಿದ ಮರಳನ್ನು ಉಂಡೆ ಕಟ್ಟಿ ಹಿಂದೆ ಎಸೆಯುತ್ತವೆ. ಬಿಲದ ಬಾಯಿಂದ ಹೊರಟ ಉಂಡೆಗಳ ಸಾಲು ಸುತ್ತಲೂ ಹರಡಿಕೊಳ್ಳುತ್ತದೆ. ಹೆಜ್ಜೆ ಸದ್ದಿಗೆ ಎಲ್ಲವೂ ಮಾಯ. ಎರಡು–ಮೂರು ನಿಮಿಷ ಅಲುಗದೆ ನಿಂತರೆ ಒಂದೊಂದಾಗಿ ಮತ್ತೆ ಹೊರಬರುತ್ತವೆ. ನೀರು ಏರಿ ಅಳಿಸಿದ್ದನ್ನು ಮುಂದಿನ ಇಳಿತದಲ್ಲಿ ಮತ್ತೆ ಮೊದಲಿಂದ ಶುರುಮಾಡುತ್ತವೆ. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ನಮಗೆ ಗೊತ್ತಿಲ್ಲ.

ಮಳೆಗಾಲ ಮುಗಿದ ಮೇಲೆ ಬೆಳಗಿನ ಹೊತ್ತು ದಡದಲ್ಲಿ ಏಂಡಿ ಬಲೆ ಎಳೆಯುವುದನ್ನೂ ನೋಡಬಹುದು. ಬಲೆಯ ಎರಡು ಹಗ್ಗಗಳನ್ನು ದೂರದೂರ ನಿಂತು ಎಳೆಯುತ್ತ ಎರಡೂ ಗುಂಪು ಹತ್ತಿರವಾಗುತ್ತವೆ. ಹಗ್ಗ ದಾಟಬೇಡಿ, ಬಲೆ ದಡ ಮುಟ್ಟುವವರೆಗೆ ಮುಂದೆ ನುಗ್ಗಬೇಡಿ. ಅವರದು ದುಡಿಮೆ.

ಸಂಜೆಗೆ ಕಾಳಿ ನದಿಯಾಚೆಯ ಸದಾಶಿವಗಡ ಗುಡ್ಡ. ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿದದ್ದು ಎಲ್ಲರಿಗೂ ನೆನಪಿದೆ. ಹೆದ್ದಾರಿಯ ಸೇತುವೆಯನ್ನು ನಡೆದು ದಾಟುವ ಸಾಹಸ ಬೇಡ, ಬಸ್ಸಿನಲ್ಲೇ ದಾಟಿ. ಗುಡ್ಡದ ಮೇಲಿನಿಂದ ಕಾಳಿ ಕಡಲು ಸೇರುವ ಜಾಗ, ದೇವಬಾಗದ ಗಾಳಿಮರಗಳು, ಕೂರ್ಮಗಡ ದ್ವೀಪ ಎಲ್ಲ ಕಾಣುತ್ತವೆ. ಅಲೆ ಕಡಿಮೆ ಇದ್ದರೆ ಡಾಲ್ಫಿನ್ ಬೆನ್ನೂ ಕಂಡೀತು. ಡಿಸೆಂಬರ್‌ನಲ್ಲಿ ಆರು ಗಂಟೆ ದಾಟುತ್ತಲೇ ಸೂರ್ಯ ಮುಳುಗುತ್ತಾನೆ, ಟಾರ್ಚ್ ಇರಲಿ. ದಕ್ಷಿಣಕ್ಕೆ ಅರಗಾ ಕಡೆ ನೌಕಾನೆಲೆಯಿದೆ. ಅತ್ತ ಡ್ರೋನ್, ಕ್ಯಾಮೆರಾ ಒಯ್ಯಬೇಡಿ.

ನೀರಿಗೆ ಇಳಿಯುವವರಿಗೆ ಎರಡು ಮಾತು. ಅಲೆ ಒಡೆಯದೆ ಶಾಂತವಾಗಿ ಕಾಣುವ, ಕೆಸರು ಬಣ್ಣದ ನೀರು ನೊರೆ ಹೊತ್ತು ಕಡಲಿನೊಳಕ್ಕೆ ಹೋಗುವ ಪಟ್ಟಿಯೇ ಸೆಳೆತದ ಜಾಗ. ಈಜು ಬಾರದವರು ಸುರಕ್ಷಿತವೆಂದು ಅದನ್ನೇ ಆರಿಸಿಕೊಳ್ಳುತ್ತಾರೆ. ಸಿಕ್ಕಿಬಿದ್ದರೆ ದಡದ ಕಡೆ ಈಜಿ ದಣಿಯಬಾರದು. ದಡಕ್ಕೆ ಸಮಾನಾಂತರವಾಗಿ ಸರಿದು, ಅಲೆ ಒಡೆಯುವಲ್ಲಿಗೆ ಬಂದು ಹೊರಬರಬೇಕು. ಬಾಲದಲ್ಲಿ ವಿಷದ ಮುಳ್ಳಿರುವ ತೊರಕೆ ಮೀನು ಮರಳಿನಡಿ ಮಲಗಿರುತ್ತದೆ. ಕಾಲೆತ್ತಿ ಇಡದೆ ಮರಳಿನಲ್ಲಿ ಎಳೆಯುತ್ತ ನಡೆದರೆ ಅದು ತಾನಾಗಿ ಸರಿದುಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿಗಿಳಿಯುವ ಮಾತೇ ಬೇಡ.

ನಮ್ಮ ಬೇಡಿಕೆ ದೊಡ್ಡದಲ್ಲ. ಭಾರತೀಯ ಸರ್ವೇಕ್ಷಣಾ ಇಲಾಖೆ ಪ್ರತಿ ವರ್ಷ ಉಬ್ಬರ–ಇಳಿತದ ಕೋಷ್ಟಕ ಪ್ರಕಟಿಸುತ್ತದೆ. ಬಸ್ ನಿಲ್ದಾಣ, ಶಿರವಾಡದ ರೈಲು ನಿಲ್ದಾಣ ಮತ್ತು ಟ್ಯಾಗೋರ್ ತೀರದ ಪ್ರವೇಶದಲ್ಲಿ ಒಂದೊಂದು ಕಪ್ಪು ಹಲಗೆ ಇಟ್ಟು, ಆಯಾ ದಿನದ ಉಬ್ಬರ–ಇಳಿತದ ವೇಳೆಯನ್ನು ಸುಣ್ಣದ ಕಡ್ಡಿಯಲ್ಲಿ ಬರೆದರೆ ಸಾಕು. ಮಾಜಾಳಿಯ ಗುಡ್ಡದ ಬುಡದಲ್ಲೂ ಒಂದು ಹಲಗೆ ಇರಲಿ. ಅಲ್ಲಿಯವರೆಗೆ ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಸೂರ್ಯೋದಯ, ಸೂರ್ಯಾಸ್ತದ ಪಕ್ಕ ಕಾರವಾರದ ಉಬ್ಬರ–ಇಳಿತದ ವೇಳೆಯನ್ನೂ ಪ್ರಕಟಿಸಬೇಕೆಂದು ವಿನಂತಿ.

– ಕೋಡಿಬಾಗದ ಓದುಗರು, ಕಾರವಾರ