ಮೂವತ್ತೈದೂವರೆ ತೂಗುವ ಕ್ಲೋರಿನ್ ಒಂದೂ ಇಲ್ಲ

ಹಟ್ಟಿ, ರಾಯಚೂರು ಜಿಲ್ಲೆ

ಚಿರಂಜೀವಿ ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ನಿನ್ನೆ ರಾತ್ರಿ ನಿಮ್ಮವ್ವ ಫೋನ್ ಮಾಡಿದ್ದಳು. ಬಳ್ಳಾರಿ ಹಾಸ್ಟೆಲಿನಲ್ಲಿ ನೀನು ಸರಿಯಾಗಿ ಊಟ ಮಾಡುತ್ತಿಲ್ಲವಂತೆ. ಸೈನ್ಸ್ ಬಿಟ್ಟು ಆರ್ಟ್ಸ್ ತಗೊಳ್ತೀನಿ ಅಂತ ಹಟ ಹಿಡಿದಿದ್ದೀಯಂತೆ. ಯಾಕೆ ಅಂತ ಕೇಳಿದೆ. ಕ್ಲಾಸಿನಲ್ಲಿ ಎದ್ದು ನಿಂತು, "ಕ್ಲೋರಿನ್ನಿನ ಪರಮಾಣು ರಾಶಿ 35.5 ಅಂತೀರಿ, ಆ ಅರ್ಧ ಎಲ್ಲಿಂದ ಬಂತು ಸರ್?" ಅಂತ ನೀನು ಕೇಳಿದೆಯಂತೆ, ಎಲ್ಲರೂ ನಕ್ಕರಂತೆ.

ಆರ್ಟ್ಸ್ ಓದುವುದರಲ್ಲಿ ತಪ್ಪೇನಿಲ್ಲ, ಇಷ್ಟವಿದ್ದರೆ ಓದು. ಆದರೆ ಈ ಪ್ರಶ್ನೆಯ ಸಲುವಾಗಿ ಸೈನ್ಸ್ ಬಿಡಬೇಡ. ಇದೇ ಪ್ರಶ್ನೆ ದೊಡ್ಡ ದೊಡ್ಡವರನ್ನು ನೂರು ವರ್ಷ ಕಾಡಿದೆ. 1815ರಲ್ಲಿ ಇಂಗ್ಲೆಂಡಿನ ವಿಲಿಯಂ ಪ್ರೌಟ್ ಅನ್ನೋ ವೈದ್ಯ ಒಂದು ಮಾತು ಹೇಳಿದ. ಎಲ್ಲ ಪರಮಾಣುಗಳೂ ಹೈಡ್ರೋಜನ್ನಿನ ಎರಡು ಪಟ್ಟು, ಹನ್ನೆರಡು ಪಟ್ಟು, ಹದಿನಾರು ಪಟ್ಟು ಹೀಗೆ ಇಡೀ ಲೆಕ್ಕದಲ್ಲೇ ತೂಗಬೇಕು ಅಂತ. ಕಾರ್ಬನ್, ಆಕ್ಸಿಜನ್ ಹೆಚ್ಚುಕಡಿಮೆ ಒಪ್ಪಿದವು. ಕ್ಲೋರಿನ್ ಒಪ್ಪಲಿಲ್ಲ. ಎಷ್ಟು ಸಲ, ಎಷ್ಟು ನಿಗಾದಿಂದ ತೂಗಿದರೂ ಅದು ಮೂವತ್ತೈದೂವರೆ ಹತ್ತಿರವೇ ಬಂದು ನಿಲ್ಲುತ್ತಿತ್ತು. ಪ್ರೌಟನ ಮಾತನ್ನು ಜನ ಕೈಬಿಟ್ಟರು. ನೀನು ಕೇಳಿದ್ದು ಇದನ್ನೇ ಅಲ್ವಾ?

ನಾನು ಪಿಯುಸಿ ಓದುವಾಗ ನನಗೂ ಈ ಅನುಮಾನ ಬಂದಿತ್ತು. ಕೇಳಿದರೆ ನಮ್ಮ ಮೇಷ್ಟ್ರು, "ಸುಮ್ನೆ ಬಾಯಿಪಾಠ ಮಾಡು" ಅಂದರು. ಕೂತುಬಿಟ್ಟೆ. ಅದೇ ನಾನು ಮಾಡಿದ ತಪ್ಪು. ಆಮೇಲೆ ಗಣಿಯ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದ ಮೇಲೆ, ಚಹಾ ಕುಡಿಯುತ್ತಾ ಒಬ್ಬ ಹಿರಿಯರು ಬಿಡಿಸಿ ಹೇಳಿದರು. ಹತ್ತು ನಿಮಿಷದ ಮಾತಿಗೆ ಹನ್ನೊಂದು ವರ್ಷ ಕಾದೆ. ನೀನು ಕಾಯಬಾರದು ಅಂತಲೇ ಈ ಪತ್ರ.

ಪರಮಾಣುವಿನ ನಡುವೆ ನ್ಯೂಕ್ಲಿಯಸ್. ಅದರಲ್ಲಿ ಪ್ರೋಟಾನ್, ನ್ಯೂಟ್ರಾನ್. ಹೊರಗೆ ಎಲೆಕ್ಟ್ರಾನ್. ಸುಮಾರು 1836 ಎಲೆಕ್ಟ್ರಾನ್ ಸೇರಿದರೆ ಒಂದು ಪ್ರೋಟಾನಿನ ತೂಕ, ಹಾಗಾಗಿ ತೂಕದ ಲೆಕ್ಕದಲ್ಲಿ ಎಲೆಕ್ಟ್ರಾನ್ ಸದ್ಯಕ್ಕೆ ಬಿಡು. ಇದು ಯಾವ ಧಾತು ಅಂತ ಹೇಳುವುದು ಪ್ರೋಟಾನ್ ಮಾತ್ರ. 17 ಪ್ರೋಟಾನ್ ಇದ್ದರೆ ಅದು ಕ್ಲೋರಿನ್ನೇ, ಬೇರೆ ಮಾತಿಲ್ಲ. ಆದರೆ ನ್ಯೂಟ್ರಾನ್ ಇಷ್ಟೇ ಇರಬೇಕು ಅಂತ ಕಟ್ಟು ಇಲ್ಲ. ಕೆಲವು ಕ್ಲೋರಿನ್ನಿನಲ್ಲಿ 18, ಕೆಲವದರಲ್ಲಿ 20. ಕೂಡಿಸಿ ನೋಡು, 35 ಮತ್ತು 37. ಎರಡೂ ಕ್ಲೋರಿನ್ನೇ, ಆವರ್ತ ಕೋಷ್ಟಕದಲ್ಲಿ ಎರಡಕ್ಕೂ ಒಂದೇ ಮನೆ. ಅದಕ್ಕೇ 1913ರಲ್ಲಿ ಫ್ರೆಡರಿಕ್ ಸಾಡಿ ಇಂಥವುಗಳಿಗೆ ಐಸೋಟೋಪ್ ಅಂತ ಹೆಸರಿಟ್ಟ. ಗ್ರೀಕ್ ಮಾತಿನಲ್ಲಿ 'ಒಂದೇ ಜಾಗ' ಅಂತ ಅರ್ಥ. ನಿಮ್ಮ ಪುಸ್ತಕದ ಸಮಸ್ಥಾನಿ ಅನ್ನೋ ಪದವೂ ಅದನ್ನೇ ಹೇಳುತ್ತೆ.

ಈಗ ನಿನ್ನ ಅರ್ಧಕ್ಕೆ ಬರೋಣ. ಸಿಂಧನೂರಿನಲ್ಲಿ ನಮ್ಮ ನೆಲ್ಲು ತೂಗಿಸಲು ನೀನೂ ಬಂದಿದ್ದೆಯಲ್ಲ, ದಲಾಲಿ ಅಂಗಡಿಯ ಮುಂದೆ ಕಾಟಾ ಪಕ್ಕ ಕೂತು ಚೀಟಿ ಓದುತ್ತಿದ್ದೆ. ಅಲ್ಲಿ ನಾಲ್ಕು ಚೀಲ ಇವೆ ಅಂದ್ಕೋ. ಮೂರು ಚೀಲ 35 ಕಿಲೋ, ಒಂದು 37. ಒಟ್ಟು 142. ನಾಲ್ಕರಿಂದ ಭಾಗಿಸು, 35.5. ಹಮಾಲರ ಬೆನ್ನ ಮೇಲೆ ಮೂವತ್ತೈದೂವರೆ ಕಿಲೋ ಚೀಲ ಒಂದಾದರೂ ಬಿತ್ತಾ? ಇಲ್ಲ. ಅದು ಚೀಟಿಯ ಮೇಲಿನ ಲೆಕ್ಕ ಮಾತ್ರ. ಕ್ಲೋರಿನ್ನೂ ಹೀಗೇ. ನೂರರಲ್ಲಿ ಸುಮಾರು 75.8 ಪಾಲು 35ರದ್ದು, 24.2 ಪಾಲು 37ರದ್ದು. ನಿಮ್ಮ ಹಾಸ್ಟೆಲಿನ ನಲ್ಲಿ ನೀರಿನಲ್ಲಿ ಬರುವ ಬ್ಲೀಚಿಂಗ್ ವಾಸನೆಯಲ್ಲೂ, ಅನ್ನಕ್ಕೆ ಹಾಕುವ ಉಪ್ಪಿನಲ್ಲೂ ಹೆಚ್ಚುಕಡಿಮೆ ಇದೇ ಪಾಲು.

ಇದನ್ನು ಕಣ್ಣಿಗೆ ಕಾಣುವ ಹಾಗೆ ತೋರಿಸಿದ್ದು ಕೇಂಬ್ರಿಜ್‌ನ ಫ್ರಾನ್ಸಿಸ್ ಆಸ್ಟನ್. 1919ರಲ್ಲಿ ಅವನು ಒಂದು ಯಂತ್ರ ಕಟ್ಟಿದ. ವಿದ್ಯುದಂಶ ಇರುವ ಪರಮಾಣುಗಳನ್ನು ವಿದ್ಯುತ್ತು, ಅಯಸ್ಕಾಂತ ಎರಡರಿಂದಲೂ ಬಗ್ಗಿಸಿ, ಫೋಟೋ ತಟ್ಟೆಯ ಮೇಲೆ ತೂಕದ ಪ್ರಕಾರ ಬೇರೆ ಬೇರೆ ಜಾಗಕ್ಕೆ ಬೀಳಿಸುವ ಯಂತ್ರ. ಕ್ಲೋರಿನ್ ಹಾಕಿದಾಗ 35ರಲ್ಲಿ ಒಂದು ಗೆರೆ, 37ರಲ್ಲಿ ಒಂದು ಗೆರೆ. ಮೂವತ್ತೈದೂವರೆ ಇರಬೇಕಾದ ಜಾಗ ಖಾಲಿ! ನನಗೆ ಈ ಖಾಲಿ ಜಾಗವೇ ಬಹಳ ಇಷ್ಟ. 1922ರಲ್ಲಿ ಅವನಿಗೆ ನೊಬೆಲ್ ಬಂತು. ನ್ಯೂಟ್ರಾನ್ ಸಿಕ್ಕಿದ್ದು ಇನ್ನೂ ಆಮೇಲೆ, 1932ರಲ್ಲಿ. ಅಂದರೆ ತೂಕ ಎರಡು ಅಂತ ಮೊದಲು ಗೊತ್ತಾಯಿತು, ಯಾಕೆ ಎರಡು ಅಂತ ಆಮೇಲೆ.

ನಾನು ಕೆಲಸ ಮಾಡಿದ್ದು ಬಂಗಾರದ ಜೊತೆ. ಅದಿರಿನ ಪುಡಿಯನ್ನು ಸೀಸದ ಜೊತೆ ಕರಗಿಸಿ, ಸೀಸ ಹೀರಿಸಿ, ಬೆಳ್ಳಿಯನ್ನು ಆಮ್ಲದಲ್ಲಿ ಬಿಡಿಸಿದರೆ ಕೊನೆಗೆ ಉಳಿಯುವುದು ಸಾಸಿವೆಗಿಂತ ಸಣ್ಣ ಬಂಗಾರ. ಚಿಮಟದಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಗಾಜಿನ ಪೆಟ್ಟಿಗೆಯ ತಕ್ಕಡಿಗೆ ಇಡಬೇಕು. ಆ ಚೂರಿನಲ್ಲಿ ಇರುವ ಒಂದೊಂದು ಪರಮಾಣುವೂ ಒಂದೇ ತರಹ, 79 ಪ್ರೋಟಾನ್, 118 ನ್ಯೂಟ್ರಾನ್. ನೆಲದಲ್ಲಿ ಸಿಗುವ ಬಂಗಾರಕ್ಕೆ ಎರಡನೇ ಐಸೋಟೋಪ್ ಇಲ್ಲವೇ ಇಲ್ಲ. ನಿಮ್ಮ ಸಂಡೂರಿನ ಕಬ್ಬಿಣದ ಅದಿರಿನಲ್ಲಿ ನಾಲ್ಕಿವೆ, 54, 56, 57, 58. ಅದರಲ್ಲಿ 56ರದ್ದೇ ಜಾಸ್ತಿ, ನೂರಕ್ಕೆ 91ಕ್ಕಿಂತ ಮೇಲೆ. ಅದಕ್ಕೇ ಕಬ್ಬಿಣದ ಸರಾಸರಿ 55.85, ಐವತ್ತಾರರ ಪಕ್ಕದಲ್ಲೇ.

ಪುಸ್ತಕದಲ್ಲಿ ಯಾವ ಸಂಖ್ಯೆ ಬಂದರೂ ಇದು ಯಾರದು ಅಂತ ಮೊದಲು ಕೇಳು. ಒಂದೇ ಪರಮಾಣುವಿನ ಪ್ರೋಟಾನ್, ನ್ಯೂಟ್ರಾನ್ ಕೂಡಿಸಿದ ಎಣಿಕೆಯಾದರೆ ಅದು ರಾಶಿ ಸಂಖ್ಯೆ, ಯಾವಾಗಲೂ ಇಡೀ ಸಂಖ್ಯೆ. ಇಡೀ ಗುಂಪಿನ ಸರಾಸರಿಯಾದರೆ ಸಾಪೇಕ್ಷ ಪರಮಾಣು ರಾಶಿ. ಸಾಪೇಕ್ಷ ಅಂದರೆ ಒಂದಕ್ಕೆ ಹೋಲಿಸಿ ಹೇಳಿದ್ದು. 1961ರಿಂದ ಆ ಒಂದು ಅಂದರೆ ಕಾರ್ಬನ್-12. ಅದನ್ನು ಸರಿಯಾಗಿ 12 ಅಂತ ಇಟ್ಟುಕೊಂಡು ಉಳಿದದ್ದನ್ನೆಲ್ಲ ಅಳೆಯುತ್ತಾರೆ.

ನೀನು ಮೇಲಿನ ಪಾಲು ಇಟ್ಟುಕೊಂಡು ಲೆಕ್ಕ ಮಾಡಿದರೆ 35.48 ಬರುತ್ತೆ. ಕೋಷ್ಟಕದಲ್ಲಿ 35.45 ಇದೆ. ಗಾಬರಿ ಆಗಬೇಡ, ನಿನ್ನ ಲೆಕ್ಕ ತಪ್ಪಿಲ್ಲ. 35ರದ್ದು ನಿಜವಾಗಿ ತೂಗುವುದು 34.97, 37ರದ್ದು 36.97. ಪ್ರೋಟಾನ್, ನ್ಯೂಟ್ರಾನ್ ಒಟ್ಟಿಗೆ ಕಟ್ಟಿಕೊಳ್ಳುವಾಗ ಸ್ವಲ್ಪ ರಾಶಿ ಶಕ್ತಿಯಾಗಿ ಹೊರಗೆ ಹೋಗಿರುತ್ತೆ. ಅದು ದೊಡ್ಡ ಕಥೆ, ದಸರಾ ರಜೆಗೆ ಬಂದಾಗ ಹೇಳ್ತೀನಿ.

ನಾಳೆ ಕ್ಲಾಸ್ ಮುಗಿದ ಮೇಲೆ ನಿಮ್ಮ ಸರ್ ಹತ್ತಿರ ಒಬ್ಬಳೇ ಹೋಗಿ ಮತ್ತೆ ಕೇಳು. ಈ ಚೀಲದ ಲೆಕ್ಕವನ್ನೂ ತೋರಿಸು. ಆಮೇಲೆ ತಾಮ್ರ ಮಾಡು. 63ರದ್ದು ನೂರಕ್ಕೆ 69.15, 65ರದ್ದು 30.85. ಎಷ್ಟು ಬಂತು, ಕೋಷ್ಟಕದ್ದು ಎಷ್ಟು, ಎರಡೂ ಬರೆದಿಟ್ಟುಕೊಂಡು ಭಾನುವಾರ ಫೋನ್ ಮಾಡು. ದೊಡ್ಡವ್ವ ಶೇಂಗಾ ಹಿಂಡಿ, ಸಜ್ಜೆ ರೊಟ್ಟಿ ಕಟ್ಟಿದ್ದಾಳೆ. ಬಳ್ಳಾರಿಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದೇನೆ. ಹೊಟ್ಟೆ ತುಂಬ ಊಟ ಮಾಡು.

ನಿನ್ನ ದೊಡ್ಡಪ್ಪ