ಹೊಳೆಯನ್ನು ಹೊಗಳುವ ಮೊದಲು

ಪ್ರೀತಿಯ ಮಗಳೇ,

ನೇತ್ರಾವತಿ ಹೊಳೆಯ ಬಗ್ಗೆ ನೀನು ಬರೆದ ಪುಸ್ತಕದ ಕರಡನ್ನು ಪೂರ್ತಿ ಓದಿದೆ. ಅಧ್ಯಾಯ ಹೇಗೆ ಹಂಚಲಿ, ಯಾರು ಅಚ್ಚು ಹಾಕುತ್ತಾರೆ ಅಂತ ಕೇಳಿದ್ದೀಯ. ಅದೆಲ್ಲ ಆಮೇಲೆ ನೋಡಿಕೊಳ್ಳಬಹುದು, ಬಿಡು. ಕೊನೆಗೆ "ಇದು ನನ್ನ ಕೈಲಾಗದು" ಅಂದಿದ್ದೀಯಲ್ಲ, ಅದಕ್ಕೇ ಇವತ್ತೇ ಉತ್ತರ ಬರೆಯಲು ಕೂತೆ. ನಿನ್ನ ಕೈಲಾಗುತ್ತದೆ.

ಆದರೆ ಮೊದಲ ಪುಟದಲ್ಲೇ ಹೊಳೆಯನ್ನು ಎಷ್ಟು ಸಲ 'ತಾಯಿ' ಅಂತ ಕರೆದಿದ್ದೀಯ! ಸಿಟ್ಟು ಬಂತು. ಹೊಳೆಯನ್ನು ಹೊಗಳುವುದು ಸುಲಭ. ಅದರಲ್ಲಿ ಇಳಿದು ದುಡಿಯುವವರನ್ನು ನೋಡುವುದೇ ಕಷ್ಟ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಇಲ್ಲಿಗೆ ಬಂದು ಉಳ್ಳಾಲದ ರಾಣಿಯನ್ನು ಕಂಡ. ರಾಣಿ ಬರಿಗಾಲಲ್ಲಿ ನಡೆದು ಬರುತ್ತಿದ್ದಳು ಅಂತ ಬರೆದಿಟ್ಟ. ಎಲ್ಲಿಂದಲೋ ಬಂದವನಿಗೆ ಪಾದ ಕಂಡಿತು. ಇಲ್ಲೇ ಹುಟ್ಟಿದ ನೀನು ಬರೆದ ರಾಣಿಗೆ ಕಿರೀಟ ಬಿಟ್ಟರೆ ಬೇರೇನೂ ಇಲ್ಲ, ಅಲ್ವಾ?

1865ರಲ್ಲಿ ಬಾಸೆಲ್ ಮಿಶನ್‌ನ ಪಾದ್ರಿಗಳು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದನ್ನು ಚೆನ್ನಾಗಿ ವಿವರಿಸಿದ್ದೀಯ. ಹೊಳೆಬದಿಯ ಆವೆಮಣ್ಣು ಅಗೆದವರು, ಹೊತ್ತವರು ಎಲ್ಲಿ? ಒಂದು ಸಾಲೂ ಇಲ್ಲ.

ಇಳಿತದ ಹೊತ್ತಿಗೆ ಅಳಿವೆಯ ಕಡೆ ಹೋಗಿ ಸುಮ್ನೆ ನಿಂತು ನೋಡು. ಮರುವಾಯಿ (ಚಿಪ್ಪುಮೀನು) ಹೆಕ್ಕುವವರು ಸೊಂಟದವರೆಗೆ ನೀರಲ್ಲಿ ನಿಂತು ಕಾಲಿಂದಲೇ ಹೊಯಿಗೆ (ಮರಳು) ತಡವುತ್ತಾರೆ. ಚಿಪ್ಪು ತಾಗಿದ ಕೂಡಲೇ ಮುಳುಗುತ್ತಾರೆ. ಎದ್ದಾಗ ಅವರ ಬೆರಳು ನೋಡು, ನೆನೆದು ಸುಕ್ಕುಗಟ್ಟಿರುತ್ತದೆ.

ನನ್ನದೊಂದು ಹಳೇ ಸಂಕಟವಿದೆ. ಹೊಯಿಗೆ ತೆಗೆಯುವವರ ಬಗ್ಗೆ ಒಂದು ಲೇಖನ ಬರೆದಿದ್ದೆ. ಸಂಪಾದಕರೊಬ್ಬರು ಅವರ ಮಾತನ್ನೆಲ್ಲ ಕತ್ತರಿಸಿ ಸೂರ್ಯಾಸ್ತವನ್ನು ಮಾತ್ರ ಉಳಿಸಿದರು. ಓದಿದವರೆಲ್ಲ ಸೂರ್ಯಾಸ್ತವನ್ನೇ ಹೊಗಳಿದರು. ಆ ಹೊಗಳಿಕೆ ಇವತ್ತಿಗೂ ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಸಿಕ್ಕಿಕೊಂಡಿದೆ. ನಿನ್ನ ಉಪ್ಪಿನಂಗಡಿ ಅಧ್ಯಾಯವನ್ನು ಜನ ಹಾಗೇ ಹೊಗಳುತ್ತಾರೆ, ನನಗೆ ಅದೇ ಭಯ. ನೆರೆಯಲ್ಲಿ ಕುಮಾರಧಾರೆ ಬಂದು ದೇವಸ್ಥಾನದೆದುರು ನೇತ್ರಾವತಿಯನ್ನು ಕೂಡುವುದು, ಜನ ಕಾದು ನಿಲ್ಲುವುದು, ಎಲ್ಲ ಅಂದವಾಗಿ ಬಂದಿದೆ. ಅದೇ ನೀರು ಕೆಳಗೆ ಬಂಟ್ವಾಳ ಪೇಟೆಗೆ ನುಗ್ಗುತ್ತದೆ. ಅದನ್ನು ಯಾಕೆ ಬಿಟ್ಟೆ? 1923ರ ನೆರೆಯ ಕಥೆ ಅಲ್ಲಿನ ಮನೆಮನೆಯಲ್ಲಿದೆ. 1974ರದ್ದನ್ನು ಕಣ್ಣಾರೆ ಕಂಡವರೇ ಇದ್ದಾರೆ. ನೀರು ಎಲ್ಲಿವರೆಗೆ ಬಂದಿತ್ತು ಅಂತ ಕೇಳು, ಗೋಡೆಗೆ ಕೈಯಿಟ್ಟು ತೋರಿಸುತ್ತಾರೆ.

ನೇತ್ರಾವತಿಗೆ ಬರುವ ನೀರನ್ನು ಬೇರೆ ಕಡೆ ತಿರುಗಿಸುವ ಎತ್ತಿನಹೊಳೆ ಯೋಜನೆಯ ಅಧ್ಯಾಯದಲ್ಲಿ ಮಾತ್ರ ಒಂದಕ್ಷರವೂ ಬದಲಿಸಬೇಡ. ಅಲ್ಲಿ ನಿನ್ನ ಸಿಟ್ಟು ನಿಜವಾದದ್ದು. ಉಳಿದದ್ದನ್ನು ಮತ್ತೆ ಬರೆ. ಮಳೆ ಹಿಡಿಯುವ ಮೊದಲು ಬಂಟ್ವಾಳಕ್ಕೆ ಹೋಗಿ ಬಾ, ಬಂದ ಮೇಲೆ ಕಾಗದ ಹಾಕು.

ಪ್ರೀತಿಯಿಂದ,
ನಿನ್ನ ಮಾಷ್ಟ್ರು
ಮಂಗಳೂರು